ಪರ್ವತದ ಎರಡು ಮಗ್ಗುಲಲ್ಲಿ ಬಲ್ಗೇರಿಯಾ

ಬಲ್ಗೇರಿಯಾವನ್ನು ಉತ್ತರ–ದಕ್ಷಿಣವಾಗಿ ಎರಡು ಪಾಲು ಮಾಡುವುದು ಸ್ತಾರಾ ಪ್ಲಾನಿನಾ ಎಂಬ ಬೆಟ್ಟಸಾಲು. ಬಾಲ್ಕನ್ ಪರ್ವತ ಎಂದು ಹೊರಗಿನವರು ಕರೆಯುವುದು ಇದನ್ನೇ; ಇಡೀ ಪರ್ಯಾಯ ದ್ವೀಪಕ್ಕೆ ಹೆಸರು ಬಂದದ್ದೂ ಇದರಿಂದಲೇ. ಸರ್ಬಿಯಾದ ಗಡಿಯಲ್ಲಿ ಶುರುವಾಗಿ ಕಪ್ಪು ಸಮುದ್ರದ ಎಮಿನೆ ಭೂಶಿರದವರೆಗೆ 500 ಕಿಲೋಮೀಟರಿಗೂ ಹೆಚ್ಚು ದೂರ ಅದು ಚಾಚಿಕೊಂಡಿದೆ. ಉತ್ತರದ ಮಗ್ಗುಲಲ್ಲಿ ಡ್ಯಾನ್ಯೂಬ್ ನದಿಯ ಕಡೆಗೆ ಇಳಿಯುವ ಗೋಧಿ, ಸೂರ್ಯಕಾಂತಿಯ ಬಯಲು. ದಕ್ಷಿಣದ ಮಗ್ಗುಲಲ್ಲಿ ಗುಲಾಬಿ, ದ್ರಾಕ್ಷಿ, ತಂಬಾಕು ಬೆಳೆಯುವ ಬೆಚ್ಚಗಿನ ಥ್ರೇಸ್ ಸೀಮೆ. ಅದರಾಚೆಗೆ ರಿಲಾ, ಪಿರಿನ್, ರೊಡೊಪೆ ಬೆಟ್ಟಗಳು. ದೇಶದ ವಿಸ್ತಾರ 1.11 ಲಕ್ಷ ಚದರ ಕಿಲೋಮೀಟರ್ ಮಾತ್ರ. ಆದರೂ ಎಲ್ಲಿಗೆ ಹೊರಟರೂ ನಡುವೆ ಒಂದು ಕಣಿವೆ, ಒಂದು ಘಾಟಿ ಅಡ್ಡ ಬರುವುದರಿಂದ ನಕಾಶೆಯಲ್ಲಿ ಕಾಣುವ ದೂರಕ್ಕೂ ಬಸ್ಸು ಹಿಡಿಯುವ ಹೊತ್ತಿಗೂ ತಾಳೆಯಾಗುವುದಿಲ್ಲ.

ಬೇಸಿಗೆಯಲ್ಲಿ ಬರುವ ವಿದೇಶಿಯರಲ್ಲಿ ಅನೇಕರು ಬುರ್ಗಾಸ್ ಅಥವಾ ವಾರ್ನಾದ ವಿಮಾನ ನಿಲ್ದಾಣದಲ್ಲಿ ಇಳಿದು, ಒಂದು ವಾರ ಮರಳಿನ ಮೇಲೆ ಮೈಚಾಚಿ, ಅಲ್ಲಿಂದಲೇ ಹಿಂದಿರುಗುತ್ತಾರೆ. ಹಾಗೆ ಹೋದವರು ನೋಡಿದ್ದು ಕಡಲನ್ನು. ಬಲ್ಗೇರಿಯಾ ಇರುವುದು ಕಡಲಿಗೂ ಸೋಫಿಯಾಕ್ಕೂ ನಡುವಣ ಊರುಗಳಲ್ಲಿ. ಪಶ್ಚಿಮದಿಂದ ಪೂರ್ವಕ್ಕೆ, ಬೆಟ್ಟದಿಂದ ನೀರಿನ ಕಡೆಗೆ ಸಾಗಿದರೆ ದೇಶದ ಚರಿತ್ರೆಯೂ ಜನಜೀವನವೂ ಹೆಚ್ಚು ಸಲೀಸಾಗಿ ಅರ್ಥವಾಗುತ್ತವೆ.

ಸೋಫಿಯಾ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಊರಿನ ನೆತ್ತಿಯ ಮೇಲೇ ಎಂಬಂತೆ ವಿತೋಶಾ ಬೆಟ್ಟ ನಿಂತಿದೆ. ಅದರ ತುದಿ ಚೆರ್ನಿ ವ್ರಹ್ 2,290 ಮೀಟರ್. ನಗರ ಸಾರಿಗೆಯ ಬಸ್ಸಿನಲ್ಲೇ ಬೆಟ್ಟದ ಬುಡ ತಲುಪಬಹುದಾದ್ದರಿಂದ ರಜೆಯ ದಿನ ಬುತ್ತಿ ಕಟ್ಟಿಕೊಂಡು ಹತ್ತುವುದು ಊರಿನವರ ರೂಢಿ. ರೋಮನ್ನರ ಕಾಲದಲ್ಲಿ ಸೆರ್ಡಿಕಾ ಎನಿಸಿದ್ದ ಈ ಊರಿನಲ್ಲೇ ಸಾಮ್ರಾಟ ಗಲೇರಿಯಸ್ 311ರಲ್ಲಿ ಕ್ರೈಸ್ತರ ಮೇಲಿನ ದಮನವನ್ನು ನಿಲ್ಲಿಸುವ ಆಜ್ಞೆ ಹೊರಡಿಸಿದ. ಒಟ್ಟೊಮನ್ ತುರ್ಕರ ಆಳ್ವಿಕೆ ಮುಗಿದು 1879ರಲ್ಲಿ ರಾಜಧಾನಿಯ ಪಟ್ಟ ದಕ್ಕಿದಾಗ ಮಾತ್ರ ಇದೊಂದು ಸಾಧಾರಣ ಪಟ್ಟಣ. ಇಂದು ಇಲ್ಲಿರುವವರು ಸುಮಾರು 12 ಲಕ್ಷ ಮಂದಿ.

ಮೆಟ್ರೊ ರೈಲಿಗಾಗಿ ಊರಿನ ನಡುವೆ ನೆಲ ಅಗೆದಾಗ ಸೆರ್ಡಿಕಾದ ಬೀದಿಗಳೂ ಮನೆಗಳ ತಳಪಾಯಗಳೂ ಸಿಕ್ಕವು. ಅವನ್ನು ಮುಚ್ಚಿಬಿಡದೆ ನಿಲ್ದಾಣದ ಅಂಗಳಕ್ಕೇ ಸೇರಿಸಿಕೊಳ್ಳಲಾಯಿತು. ಈಗ ಕಚೇರಿಗೆ ಓಡುವ ಜನ ರೋಮನ್ ಬೀದಿಯ ಕಲ್ಲುಹಾಸನ್ನು ದಾಟಿಕೊಂಡೇ ರೈಲು ಹತ್ತುತ್ತಾರೆ. ಅಲ್ಲಿಂದ ಮೇಲೆ ಬಂದರೆ ಕೆಲವೇ ನಿಮಿಷಗಳ ನಡಿಗೆಯೊಳಗೆ ಸ್ವೇತಾ ನೆದೆಲ್ಯಾ ಚರ್ಚು, ಕ್ಯಾಥೊಲಿಕರ ಚರ್ಚು, 16ನೇ ಶತಮಾನದ ಬಾನ್ಯಾ ಬಾಷಿ ಮಸೀದಿ, 1909ರಲ್ಲಿ ತೆರೆದ ಯಹೂದಿಗಳ ಸಿನಗಾಗ್. ಪ್ರವಾಸಿ ಕೈಪಿಡಿಗಳು ಇದನ್ನು ಸರ್ವಧರ್ಮ ಸಾಮರಸ್ಯದ ಚೌಕವೆಂದು ಹೊಗಳಿ ಮುಂದೆ ಹೋಗಿಬಿಡುತ್ತವೆ. ಅಷ್ಟಕ್ಕೆ ಮುಗಿಯುವ ಕಥೆಯಲ್ಲ ಅದು. 1943ರಲ್ಲಿ ನಾತ್ಸಿ ಜರ್ಮನಿಯ ಜೊತೆಗಿದ್ದರೂ ಬಲ್ಗೇರಿಯಾ ತನ್ನ ಸುಮಾರು 48,000 ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಕಳಿಸಲಿಲ್ಲ. ಸಂಸತ್ತಿನ ಉಪಸಭಾಪತಿ ದಿಮಿತರ್ ಪೆಶೆವ್, ಸೋಫಿಯಾದ ಬಿಷಪ್ ಸ್ತೆಫಾನ್, ಪ್ಲೋವ್‌ದಿವ್‌ನ ಬಿಷಪ್ ಕಿರಿಲ್ ಬಹಿರಂಗವಾಗಿ ಎದುರು ನಿಂತರು. ಅದೇ ವರ್ಷ ಬಲ್ಗೇರಿಯಾ ಆಕ್ರಮಿಸಿಕೊಂಡಿದ್ದ ಥ್ರೇಸ್ ಮತ್ತು ಮ್ಯಾಸಿಡೋನಿಯಾ ಪ್ರದೇಶಗಳಿಂದ 11,000ಕ್ಕೂ ಹೆಚ್ಚು ಯಹೂದಿಗಳನ್ನು ಸಾಗಹಾಕಲಾಯಿತು. ಬದುಕಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಈ ಎರಡನ್ನೂ ಒಟ್ಟಿಗೆ ಹೇಳಿದರೇ ನ್ಯಾಯ.

ಮಸೀದಿಯ ಬೆನ್ನಿಗಿರುವ ಹಳೆಯ ಸ್ನಾನಗೃಹ ಈಗ ನಗರದ ವಸ್ತುಸಂಗ್ರಹಾಲಯ. ಪಕ್ಕದ ನಲ್ಲಿಗಳಲ್ಲಿ ನೆಲದಾಳದ ಖನಿಜ ನೀರು ಬಿಸಿಯಾಗಿಯೇ ಸುರಿಯುತ್ತದೆ. ಮುದುಕರು, ಹೆಂಗಸರು ಕ್ಯಾನು, ಬಾಟಲಿ ಹಿಡಿದು ಬಂದು ದುಡ್ಡಿಲ್ಲದೆ ತುಂಬಿಸಿಕೊಂಡು ಹೋಗುತ್ತಾರೆ. ಅಲ್ಲಿಂದ ಹಳದಿ ಇಟ್ಟಿಗೆ ಹಾಸಿದ ರಸ್ತೆ ಹಿಡಿದು ನಡೆದರೆ ಚಿನ್ನದ ಗುಮ್ಮಟಗಳ ಅಲೆಕ್ಸಾಂಡರ್ ನೆವ್‌ಸ್ಕಿ ಮಹಾಚರ್ಚು. ಬಲ್ಗೇರಿಯಾಕ್ಕೆ ಬಿಡುಗಡೆ ತಂದ 1877–78ರ ರಷ್ಯಾ–ತುರ್ಕಿ ಯುದ್ಧದಲ್ಲಿ ಮಡಿದ ರಷ್ಯನ್ ಸೈನಿಕರ ನೆನಪಿಗೆ ಕಟ್ಟಿದ್ದು. ನೆಲಮಾಳಿಗೆಯ ಐಕಾನ್ ಚಿತ್ರಗಳ ಸಂಗ್ರಹವನ್ನು ಹಲವರು ನೋಡದೆ ಬರುತ್ತಾರೆ. ಗುಮ್ಮಟಗಳಿಗಿಂತ ಅದೇ ಮೇಲು.

ಕಮ್ಯುನಿಸ್ಟ್ ಆಡಳಿತದ ಗುರುತುಗಳು ಸೋಫಿಯಾದಲ್ಲಿ ಒಂದೊಂದಾಗಿ ಕಣ್ಮರೆಯಾಗಿವೆ. ನಾಯಕ ಗಿಯೋರ್ಗಿ ದಿಮಿತ್ರೊವ್ 1949ರಲ್ಲಿ ತೀರಿಕೊಂಡಾಗ ಆತನ ದೇಹವನ್ನು ಕೆಡದಂತೆ ಇಡಲು ಅಮೃತಶಿಲೆಯ ಸಮಾಧಿ ಭವನವನ್ನು ಆರೇ ದಿನಗಳಲ್ಲಿ ಎಬ್ಬಿಸಿದರು. ಅರ್ಧ ಶತಮಾನದ ಬಳಿಕ, 1999ರಲ್ಲಿ, ಅದನ್ನು ಸ್ಫೋಟಿಸಿ ಕೆಡವಲು ಹೊರಟಾಗ ಮೊದಲ ಸಿಡಿತಕ್ಕೆ ಕಟ್ಟಡ ತುಸು ವಾಲಿತೇ ಹೊರತು ಬೀಳಲಿಲ್ಲ. ಲೆನಿನ್ ಪ್ರತಿಮೆಯ ಜಾಗದಲ್ಲಿ 2000ದಲ್ಲಿ ಸೋಫಿಯಾ ದೇವಿಯ ಮೂರ್ತಿ ಬಂತು. ಆ ಕಾಲ ಮುಗಿದ ಮೇಲೆ ಹುಟ್ಟಿದ ಒಂದು ವಿಚಿತ್ರ ಮಾತ್ರ ಇನ್ನೂ ಉಳಿದಿದೆ: ಕಟ್ಟಡಗಳ ನೆಲಮಾಳಿಗೆಯ ಕಿಟಕಿಯನ್ನೇ ಅಂಗಡಿ ಮಾಡಿಕೊಂಡ ‘ಕ್ಲೆಕ್ ಶಾಪ್’ಗಳು. ಗಿರಾಕಿ ಕಾಲುದಾರಿಯಲ್ಲಿ ಮೊಣಕಾಲೂರುವಷ್ಟು ಬಗ್ಗಿ ಸಿಗರೇಟು, ತಂಪು ಪಾನೀಯ ಕೇಳಬೇಕು. ಖಾಸಗಿ ವ್ಯಾಪಾರಕ್ಕೆ ಅವಕಾಶ ಸಿಕ್ಕ ಹೊಸತರಲ್ಲಿ ಬಾಡಿಗೆ ಮಳಿಗೆ ಹಿಡಿಯಲಾಗದವರು ಕಂಡುಕೊಂಡ ಉಪಾಯ ಅದು.

ಊರಂಚಿನ ಬೊಯಾನಾ ಚರ್ಚು ಹೊರಗಿನಿಂದ ಏನೂ ಅಲ್ಲ, ತೋಟದ ನಡುವೆ ಇಟ್ಟಿಗೆಯ ಒಂದು ಪುಟ್ಟ ಕಟ್ಟಡ. ಒಳಗೆ 1259ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಅವುಗಳಲ್ಲಿನ ಮುಖಗಳು ಬೈಜಾಂಟಿಯನ್ ಪದ್ಧತಿಯ ಬಿಗುಮಾನ ಬಿಟ್ಟು ಎದುರಿಗಿರುವವರ ಮುಖಗಳಂತೆ ಕಾಣುತ್ತವೆ. ಉಸಿರಿನ ತೇವದಿಂದ ಬಣ್ಣ ಕೆಡಬಾರದೆಂದು ಒಂದು ಸಲಕ್ಕೆ ಕೆಲವರನ್ನಷ್ಟೇ, ಹತ್ತೇ ನಿಮಿಷದ ಮಟ್ಟಿಗೆ ಒಳಗೆ ಬಿಡುತ್ತಾರೆ.

ಸೋಫಿಯಾದಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ದೂರದ ರಿಲಾ ಮಠ ಬಲ್ಗೇರಿಯನ್ನರ ಪಾಲಿಗೆ ಯಾತ್ರಾಸ್ಥಳ. ಹತ್ತನೇ ಶತಮಾನದ ಸಂತ ಇವಾನ್ ರಿಲ್‌ಸ್ಕಿ ಈ ಕಾಡಿನ ಗುಹೆಯೊಂದರಲ್ಲಿ ತಪಸ್ಸಿಗೆ ಕೂತಿದ್ದ. ಈಗಿನ ಕಟ್ಟಡಗಳಲ್ಲಿ ಹೆಚ್ಚಿನವು 1833ರ ಬೆಂಕಿ ಅನಾಹುತದ ನಂತರ ಎದ್ದವು. 1330ರ ದಶಕದ ಕಲ್ಲಿನ ಗೋಪುರವೊಂದು ಮಾತ್ರ ಹಳೆಯದು. ಕಪ್ಪು–ಬಿಳಿ ಪಟ್ಟೆಯ ಕಮಾನುಗಳು, ಮರದ ಮಹಡಿಗಳು, ಚರ್ಚಿನ ಜಗಲಿಯ ಗೋಡೆಯ ಮೇಲೆ ಪಾಪಿಗಳನ್ನು ಎಳೆದಾಡುವ ದೆವ್ವಗಳ ಚಿತ್ರಗಳು ಬಂದವರನ್ನು ಅಲ್ಲಲ್ಲೇ ನಿಲ್ಲಿಸುತ್ತವೆ. ವಸ್ತುಸಂಗ್ರಹಾಲಯದಲ್ಲಿ ರಫಾಯಿಲ್ ಎಂಬ ಸನ್ಯಾಸಿ ಒಂದೇ ಮರದ ತುಂಡಿನಲ್ಲಿ ಕೆತ್ತಿದ ಶಿಲುಬೆಯಿದೆ. ಅಕ್ಕಿಕಾಳಿನ ಗಾತ್ರದ ನೂರಾರು ಮೂರ್ತಿಗಳನ್ನು ಕೆತ್ತಲು ಹನ್ನೆರಡು ವರ್ಷ ಹಿಡಿಯಿತು. 1802ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಆತನ ಕಣ್ಣು ಹೋಗಿತ್ತು. ಮಠದ ಹಿಂದಿನ ರಿಲಾ ಬೆಟ್ಟದಲ್ಲೇ ಬಾಲ್ಕನ್ ಪರ್ಯಾಯ ದ್ವೀಪದ ಅತಿ ಎತ್ತರದ ಶಿಖರ ಮುಸಾಲಾ ಇದೆ: 2,925 ಮೀಟರ್.

ಪಿರಿನ್ ಮತ್ತು ರೊಡೊಪೆ ಬೆಟ್ಟಗಳಿಗೆ ಅವಸರದವರು ಹೋಗಬಾರದು. ಸೆಪ್ಟೆಮ್ವ್ರಿಯಿಂದ ದೊಬ್ರಿನಿಶ್ತೆಯವರೆಗಿನ 125 ಕಿಲೋಮೀಟರ್ ನ್ಯಾರೋಗೇಜ್ ರೈಲು ಐದು ಗಂಟೆಯಷ್ಟು ಹೊತ್ತು ತೆವಳುತ್ತದೆ. 760 ಮಿಲಿಮೀಟರ್ ಅಗಲದ ಹಳಿಯ ಮೇಲೆ ಸುರಂಗ ಹೊಕ್ಕು, ಸುತ್ತು ಸುತ್ತಿ, 1,267 ಮೀಟರ್ ಎತ್ತರದ ಅವ್ರಾಮೊವೊ ನಿಲ್ದಾಣಕ್ಕೆ ಏರುತ್ತದೆ. ಬಾಲ್ಕನ್ನಿನಲ್ಲಿ ಇದಕ್ಕಿಂತ ಎತ್ತರದ ರೈಲು ನಿಲ್ದಾಣವಿಲ್ಲ. ಪೇಟೆಗೆ ಹೋಗುವ ಹಳ್ಳಿಗರೂ ಕ್ಯಾಮೆರಾ ಹಿಡಿದ ಪ್ರವಾಸಿಗರೂ ಒಂದೇ ಬೋಗಿಯಲ್ಲಿರುತ್ತಾರೆ. ದಾರಿಯ ಕೊನೆಗೆ ಸಿಗುವ ಬಾನ್‌ಸ್ಕೊ ಹಿಮಜಾರಾಟದ ಊರು. ಇನ್ನೂ ದಕ್ಷಿಣಕ್ಕೆ, ಮರಳುಗಲ್ಲಿನ ಮೊನಚು ಗುಡ್ಡಗಳ ನಡುವಿನ ಮೆಲ್ನಿಕ್ ಜನಸಂಖ್ಯೆಯಲ್ಲಿ ದೇಶದ ಅತಿ ಸಣ್ಣ ಪಟ್ಟಣ. ಇನ್ನೂರಕ್ಕಿಂತಲೂ ಕಡಿಮೆ ಮಂದಿ, ಪ್ರತಿ ಹಳೆಯ ಮನೆಯ ಕೆಳಗೂ ದ್ರಾಕ್ಷಾರಸದ ನೆಲಮಾಳಿಗೆ. ರೊಡೊಪೆಯ ಹಳ್ಳಿಗಳ ಹೆಮ್ಮೆ ಕಾಬಾ ಗೈದಾ ಎಂಬ ಮಂದ್ರಸ್ವರದ ಚರ್ಮವಾದ್ಯ. ಅದರ ಹಿಮ್ಮೇಳದಲ್ಲಿ ವಾಲ್ಯಾ ಬಾಲ್ಕಾನ್‌ಸ್ಕಾ ಹಾಡಿದ, ದೆಲ್ಯೊ ಎಂಬ ಬಂಡಾಯಗಾರನ ಕುರಿತ ಜನಪದ ಗೀತೆ 1977ರ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಸೌರಮಂಡಲದ ಆಚೆ ಹೋಗುತ್ತಿದೆ.

ಒಂದೇ ಊರು ನೋಡಲು ಬಿಡುವಿದ್ದರೆ ಅದು ಪ್ಲೋವ್‌ದಿವ್ ಆಗಬೇಕು. ಸೋಫಿಯಾದಿಂದ ರೈಲಿನಲ್ಲಿ ಎರಡೂವರೆ–ಮೂರು ತಾಸು. ಕ್ರಿ.ಪೂ. 342ರಲ್ಲಿ ಅಲೆಕ್ಸಾಂಡರನ ತಂದೆ ಫಿಲಿಪ್ ಗೆದ್ದು ತನ್ನ ಹೆಸರಿಟ್ಟ ಊರಿದು. ಅದಕ್ಕೂ ಮುಂಚೆ ಥ್ರೇಸಿಯನ್ನರು ಇಲ್ಲಿನ ಗುಡ್ಡಗಳ ಮೇಲೆ ನೆಲೆಸಿದ್ದರು. ಏಳು ಗುಡ್ಡಗಳೆಂಬ ಹೇಳಿಕೆ ಬಾಯಲ್ಲಿ ಉಳಿದಿದೆ. ನೆಲದ ಮೇಲಿರುವುದು ಆರು, ಏಳನೆಯದನ್ನು ಕಲ್ಲುಗಣಿಯಾಗಿಸಿ ಅದರ ಕಲ್ಲನ್ನು ಬೀದಿಗಳಿಗೆ ಹಾಸಿದರು. ಗುಡ್ಡದ ಮಗ್ಗುಲಿನ ರೋಮನ್ ರಂಗಮಂದಿರವನ್ನು 1970ರ ದಶಕದಲ್ಲಿ ಮಣ್ಣಿನಡಿಯಿಂದ ಬಿಡಿಸಿ ತೆಗೆದರು. ಬೇಸಿಗೆಯ ರಾತ್ರಿಗಳಲ್ಲಿ ಅಲ್ಲಿ ಈಗಲೂ ಒಪೆರಾ ನಡೆಯುತ್ತದೆ; ಕೂರಲು ಅದೇ ಅಮೃತಶಿಲೆಯ ಮೆಟ್ಟಿಲು. ಮುಖ್ಯ ಬೀದಿಯ ಕೆಳಗೆ ಸುಮಾರು 240 ಮೀಟರ್ ಉದ್ದದ ರೋಮನ್ ಕ್ರೀಡಾಂಗಣವೊಂದು ಮಲಗಿದೆ. ಜುಮಾಯಾ ಮಸೀದಿಯ ಮುಂದೆ ಅದರ ಬಾಗಿದ ತುದಿ ಮಾತ್ರ ತೆರೆದಿದೆ. ಉಳಿದದ್ದರ ಮೇಲೆ ಅಂಗಡಿ, ಐಸ್‌ಕ್ರೀಂ ಗಾಡಿ, ಜನ.

ಹಳೆಯ ಪೇಟೆಯ ಮನೆಗಳು 19ನೇ ಶತಮಾನದವು. ಉಣ್ಣೆ, ಬಟ್ಟೆ ವ್ಯಾಪಾರದಲ್ಲಿ ಕಾಸು ಮಾಡಿದ ಕ್ರೈಸ್ತ ವರ್ತಕರು ಒಟ್ಟೊಮನ್ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಕಟ್ಟಿಸಿದ್ದು. ಕೆಳಗೆ ಕಲ್ಲು, ಮೇಲೆ ಮರ. ಒಂದೊಂದು ಮಹಡಿಯೂ ಬೀದಿಯ ಮೇಲೆ ಇನ್ನಷ್ಟು ಚಾಚಿಕೊಂಡು ಎದುರುಬದುರು ಮನೆಗಳ ಕಿಟಕಿಗಳು ಕೈಗೆಟಕುವಂತಿವೆ. ಗೋಡೆಗೆ ನೀಲಿ, ಕಾವಿ, ಹಳದಿ ಬಣ್ಣ. ಆ ಕಾಲವನ್ನು ಬಲ್ಗೇರಿಯನ್ನರು ‘ವಜ್ರಾಜ್ದಾನೆ’, ಅಂದರೆ ಪುನರುತ್ಥಾನ ಎನ್ನುತ್ತಾರೆ. ಶಾಲೆ, ಚರ್ಚು, ವಾಚನಾಲಯ, ಸಶಸ್ತ್ರ ಬಂಡಾಯ ಎಲ್ಲವೂ ಇಂಥ ಮನೆಗಳ ದುಡ್ಡಿನಿಂದಲೂ ಇಲ್ಲಿನ ಹುಡುಗರಿಂದಲೂ ಹುಟ್ಟಿದವು. 1847ರ ಕುಯುಮ್‌ಜಿಯೊಗ್ಲು ಮನೆ ಈಗ ಜನಪದ ವಸ್ತುಸಂಗ್ರಹಾಲಯ. ಗುಡ್ಡದ ಬುಡದ ಕಪಾನಾ ಒಂದು ಕಾಲಕ್ಕೆ ಕಮ್ಮಾರ, ಚಮ್ಮಾರರ ಓಣಿ. 2019ರಲ್ಲಿ ಪ್ಲೋವ್‌ದಿವ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಲು ಸಜ್ಜಾಗುವಾಗ ಆ ಓಣಿ ಕಾಫಿ ಅಂಗಡಿ, ಚಿತ್ರಶಾಲೆಗಳ ಕೇರಿಯಾಯಿತು. ಚೆಂದವೇನೋ ಹೌದು, ಹಳೆಯ ಕಸುಬಿನವರು ಅಲ್ಲಿ ಈಗ ಬಹಳ ಕಡಿಮೆ.

ಪ್ಲೋವ್‌ದಿವ್ ಬಿಟ್ಟು ಉತ್ತರಕ್ಕೆ ತಿರುಗಿದರೆ ಬೆಟ್ಟದ ಮಡಿಲಿನ ಊರುಗಳು. ಕೊಪ್ರಿವ್‌ಷ್ಟಿತ್ಸಾದ ರೈಲು ನಿಲ್ದಾಣ ಊರಿನಿಂದ ಸುಮಾರು ಒಂಬತ್ತು ಕಿಲೋಮೀಟರ್ ಆಚೆಗಿದೆ. ಆ ದೂರವೇ ಊರನ್ನು ಕಾಪಾಡಿತೇನೋ. ತುರ್ಕರ ವಿರುದ್ಧದ 1876ರ ಏಪ್ರಿಲ್ ಬಂಡಾಯದ ಮೊದಲ ಗುಂಡು ಹಾರಿದ್ದು ಇಲ್ಲಿ. ಬಂಡಾಯವನ್ನು ಕೆಲವೇ ವಾರಗಳಲ್ಲಿ ಹೊಸಕಿ ಹಾಕಲಾಯಿತು. ಆದರೆ ಬತಾಕ್ ಮುಂತಾದ ಹಳ್ಳಿಗಳಲ್ಲಿ ನಡೆದ ಕಗ್ಗೊಲೆಯ ಸುದ್ದಿ ಯುರೋಪನ್ನು ಕಲಕಿ ಮರುವರ್ಷದ ಯುದ್ಧಕ್ಕೆ ದಾರಿಯಾಯಿತು. ಬಂಡಾಯದ ಮುಂದಾಳು ತೊದೊರ್ ಕಬ್ಲೆಷ್ಕೊವ್‌ನ ಮನೆಯೂ ಸೇರಿ ಹಲವು ಮನೆಗಳು ನೋಡಲು ತೆರೆದಿವೆ.

ಕಜಾನ್ಲಕ್ ಸುತ್ತಿನ ಕಣಿವೆಯ ಬೆಳೆ ಗುಲಾಬಿ. ಮೇ ನಡುಭಾಗದಿಂದ ಜೂನ್ ಮೊದಲ ವಾರಗಳವರೆಗೆ ಕೊಯ್ಲು. ಬಿಸಿಲೇರಿದರೆ ಹೂವಿನ ತೈಲ ಆರುತ್ತದೆಂದು ನಸುಕಿನಲ್ಲೇ ಬಿಡಿಸಲು ಶುರುಮಾಡುತ್ತಾರೆ. ಒಂದು ಕಿಲೋ ಗುಲಾಬಿ ಎಣ್ಣೆಗೆ 3,000ದಿಂದ 4,000 ಕಿಲೋ ಹೂ ಬೇಕು. ಇಷ್ಟು ಕೇಳಿದ ಮೇಲೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ‘ಗುಲಾಬಿ ಎಣ್ಣೆ’ಯ ಶೀಶೆಯಲ್ಲಿ ಎಷ್ಟು ಗುಲಾಬಿ ಇದ್ದೀತೆಂದು ಓದುಗರೇ ಲೆಕ್ಕ ಹಾಕಬಹುದು. ಇದೇ ಕಣಿವೆ ಥ್ರೇಸಿಯನ್ ರಾಜರ ರುದ್ರಭೂಮಿಯೂ ಹೌದು. 1944ರಲ್ಲಿ ಸಿಕ್ಕ ಕ್ರಿ.ಪೂ. 4ನೇ ಶತಮಾನದ ಸಮಾಧಿಯ ಗುಮ್ಮಟದೊಳಗೆ ಗಂಡ–ಹೆಂಡತಿ ಕೈ ಹಿಡಿದು ಕೂತ ಔತಣದ ಚಿತ್ರವಿದೆ. ಮೂಲವನ್ನು ರಕ್ಷಣೆಗಾಗಿ ಮುಚ್ಚಿ, ಪಕ್ಕದಲ್ಲೇ ತದ್ರೂಪವೊಂದನ್ನು ಕಟ್ಟಿ ತೋರಿಸುತ್ತಾರೆ. ಸೆವ್ತ್ ಎಂಬ ಅರಸನ ರಾಜಧಾನಿ ಸೆವ್ತೊಪೊಲಿಸ್ ಮಾತ್ರ ಸಿಕ್ಕೂ ಕೈತಪ್ಪಿತು: ಅಣೆಕಟ್ಟೆಯ ಕೆಲಸದ ನಡುವೆ ಪತ್ತೆಯಾಗಿ, ಅಗೆದು ನಕ್ಷೆ ಬರೆದುಕೊಂಡ ಮೇಲೆ ಕೊಪ್ರಿಂಕಾ ಜಲಾಶಯದಡಿ ಮುಳುಗಿತು.

ಇಲ್ಲಿಂದ ಸ್ತಾರಾ ಪ್ಲಾನಿನಾವನ್ನು ದಾಟುವುದು ಶಿಪ್ಕಾ ಘಾಟಿಯಲ್ಲಿ. 1877ರ ಆಗಸ್ಟಿನಲ್ಲಿ ರಷ್ಯನ್ ಪಡೆ ಮತ್ತು ಬಲ್ಗೇರಿಯನ್ ಸ್ವಯಂಸೇವಕರು ತುರ್ಕಿ ಸೇನೆಯನ್ನು ತಡೆದು ನಿಲ್ಲಿಸಿದ ಜಾಗ ಇದು. ಪಕ್ಕದ ಬುಜ್ಲುಜಾ ಶಿಖರದ ಮೇಲೆ ಕಮ್ಯುನಿಸ್ಟ್ ಪಕ್ಷ 1981ರಲ್ಲಿ ತೆರೆದ ದುಂಡನೆಯ ಕಾಂಕ್ರೀಟು ಭವನ ಪಾಳುಬಿದ್ದಿದೆ. ಒಳಗೋಡೆಗಳ ಮೊಸಾಯಿಕ್ ಚಿತ್ರಗಳು ಮಳೆ, ಹಿಮ, ಕಳ್ಳರ ಕೈಗೆ ಸಿಕ್ಕು ಉದುರಿವೆ. ಉಳಿದಿರುವುದನ್ನು ಕಾಪಾಡುವ ಯತ್ನ ಈಚೆಗೆ ನಡೆದಿದೆ. ಸಂದರ್ಶಕರಿಗೆ ಒಳಗೆ ಪ್ರವೇಶವಿಲ್ಲ.

ಘಾಟಿ ಇಳಿದರೆ ಗಾಬ್ರೊವೊ. ಇಲ್ಲಿಯವರ ಜಿಪುಣತನದ ಕಥೆಗಳು ದೇಶಕ್ಕೆಲ್ಲ ಗೊತ್ತು. ಚಳಿಗಾಲದಲ್ಲಿ ಬೆಕ್ಕು ಹೊರಗೆ ಹೋಗುವಾಗ ಬಾಗಿಲು ಬೇಗ ಮುಚ್ಚಿ ಬೆಚ್ಚಗಿನ ಗಾಳಿ ಉಳಿಸಲು ಅದರ ಬಾಲವನ್ನೇ ಕತ್ತರಿಸುತ್ತಾರಂತೆ! ಊರಿನವರು ಸಿಟ್ಟಾಗುವ ಬದಲು ಬಾಲವಿಲ್ಲದ ಬೆಕ್ಕನ್ನೇ ಲಾಂಛನ ಮಾಡಿಕೊಂಡು 1972ರಲ್ಲಿ ಹಾಸ್ಯ ಮತ್ತು ವಿಡಂಬನೆಯ ವಸ್ತುಸಂಗ್ರಹಾಲಯ ತೆರೆದರು. ಸಮೀಪದ ಎತರ್ ಬಯಲು ವಸ್ತುಸಂಗ್ರಹಾಲಯದಲ್ಲಿ ಹೊಳೆಯ ನೀರಿನ ಬಲದಿಂದ ಬೀಸುಗಲ್ಲು, ಗರಗಸ, ಉಣ್ಣೆ ತೊಳೆಯುವ ತೊಟ್ಟಿ ಈಗಲೂ ತಿರುಗುತ್ತವೆ.

ವೆಲಿಕೊ ತರ್ನೊವೊ 1185ರಿಂದ 1393ರವರೆಗೆ ಎರಡನೇ ಬಲ್ಗೇರಿಯನ್ ಸಾಮ್ರಾಜ್ಯದ ರಾಜಧಾನಿ. ಯಾಂತ್ರಾ ನದಿ ಹಾವಿನಂತೆ ಸುತ್ತಿಕೊಂಡ ಗುಡ್ಡಗಳ ಮೇಲೆ ಮನೆಗಳು ಒಂದರ ಹೆಗಲ ಮೇಲೊಂದು ಕೂತಿವೆ. ತ್ಸಾರೆವೆತ್ಸ್ ಕೋಟೆಯ ತುದಿಯ ಚರ್ಚನ್ನು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಕಟ್ಟಿದರು. ಒಳಗಿನ 1980ರ ದಶಕದ ಚಿತ್ರಗಳು ನವ್ಯ ಶೈಲಿಯವು. ಕೋಟೆ ಹತ್ತಿ ಬಂದವರು ಅಲ್ಲಿ ನಿರೀಕ್ಷಿಸಿರದ ನೋಟ.

ಕಪ್ಪು ಸಮುದ್ರದ ತೀರದಲ್ಲಿ ಎರಡು ದೊಡ್ಡ ಊರುಗಳು: ಉತ್ತರಕ್ಕೆ ವಾರ್ನಾ, ದಕ್ಷಿಣಕ್ಕೆ ಬುರ್ಗಾಸ್. ವಾರ್ನಾದಲ್ಲಿ 1972ರಲ್ಲಿ ಕಾಲುವೆ ತೋಡುವಾಗ ಯಂತ್ರದ ಬಾಯಿಗೆ ಚಿನ್ನ ಸಿಕ್ಕಿತು. ಮುಂದೆ ಸುಮಾರು 300 ಸಮಾಧಿಗಳು, ಅವುಗಳಲ್ಲಿ ಆರು ಕಿಲೋಗೂ ಹೆಚ್ಚು ಚಿನ್ನದ ಒಡವೆ ದೊರೆತವು. ಕ್ರಿ.ಪೂ. 4500ರ ಆಸುಪಾಸಿನ ಈ ಒಡವೆಗಳು ಮನುಷ್ಯ ಚಿನ್ನವನ್ನು ಕುಸುರಿಗೆ ಬಳಸಿದ್ದಕ್ಕೆ ಜಗತ್ತಿನ ಅತಿ ಹಳೆಯ ಸಾಕ್ಷಿಗಳ ಸಾಲಿನವು. ಒಂದೇ ಸಮಾಧಿಯಲ್ಲಿ ಒಂದೂವರೆ ಕಿಲೋದಷ್ಟು ಚಿನ್ನ, ಎಷ್ಟೋ ಸಮಾಧಿಗಳಲ್ಲಿ ಏನೂ ಇಲ್ಲ. ಉಳ್ಳವರು–ಇಲ್ಲದವರ ಭೇದ ಆಗಲೇ ಹುಟ್ಟಿತ್ತೆಂಬುದು ಪುರಾತತ್ತ್ವಜ್ಞರ ತರ್ಕ. ನಗರದ ಪುರಾತತ್ತ್ವ ಸಂಗ್ರಹಾಲಯದಲ್ಲಿ ಇವನ್ನು ನೋಡಿ, ಬಿಸಿಲಿಳಿದ ಮೇಲೆ ಕಡಲದಂಡೆಯ ಉದ್ಯಾನದಲ್ಲಿ ನಡೆದರೆ ವಾರ್ನಾದ ದಿನ ತುಂಬುತ್ತದೆ. ಉತ್ತರದ ಬಾಲ್ಚಿಕ್ 1913ರಿಂದ 1940ರವರೆಗೆ ಬಹುಪಾಲು ರುಮೇನಿಯಾದ ಕೈಯಲ್ಲಿತ್ತು. ರುಮೇನಿಯಾದ ರಾಣಿ ಮರಿಯಾ ಕಟ್ಟಿಸಿದ ಬೇಸಿಗೆ ಅರಮನೆಗೆ ಒಂದು ಮಿನಾರು ಕೂಡ ಇದೆ. ಸುತ್ತಲಿನ ಸಸ್ಯೋದ್ಯಾನ ಪಾಪಾಸುಕಳ್ಳಿಗಳಿಗೆ ಹೆಸರಾದದ್ದು.

ನೆಸೆಬರ್ ಕಿರಿದಾದ ನೆಲಪಟ್ಟಿಯಿಂದ ದಡಕ್ಕೆ ಅಂಟಿಕೊಂಡ ಬಂಡೆ. ಗ್ರೀಕರು ಕ್ರಿ.ಪೂ. 6ನೇ ಶತಮಾನದಲ್ಲಿ ಇಲ್ಲಿ ನೆಲೆಯೂರಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲಿನ ಪಟ್ಟೆಗಳ ಮಧ್ಯಯುಗದ ಚರ್ಚುಗಳಿಂದಾಗಿ 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಜುಲೈ–ಆಗಸ್ಟಿನಲ್ಲಿ ಚರ್ಚುಗಳಿಗೂ ನೋಡುಗರಿಗೂ ನಡುವೆ ಟೀಶರ್ಟು, ಫ್ರಿಜ್ ಅಂಟುಚಿತ್ರಗಳ ಅಂಗಡಿಗಳ ಗೋಡೆಯೇ ಎದ್ದಿರುತ್ತದೆ. ಬೆಳಿಗ್ಗೆ ಎಂಟರೊಳಗೆ ಹೋಗುವುದು ಜಾಣತನ. ಕೊಲ್ಲಿಯ ಆಚೆ ದಡದಲ್ಲಿ ಸನ್ನಿ ಬೀಚ್: 1950ರ ದಶಕದ ಕೊನೆಯಲ್ಲಿ ಸರ್ಕಾರವೇ ಶುರುಮಾಡಿದ ವಿಹಾರಧಾಮ, ಈಗ ಹೋಟೆಲುಗಳ ಕಾಡು. ಅದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ.

ದಕ್ಷಿಣದ ಸೊಜೊಪೋಲ್ ಇನ್ನೂ ಹಳೆಯದು, ಇನ್ನೂ ಹಗುರ. ಗ್ರೀಕರ ಅಪೊಲೊನಿಯಾ ಇದೇ. ಇಲ್ಲಿದ್ದ ಸುಮಾರು 13 ಮೀಟರ್ ಎತ್ತರದ ಕಂಚಿನ ಅಪೊಲೊ ಮೂರ್ತಿಯನ್ನು ರೋಮನ್ ಸೇನಾನಿ ಲುಕುಲ್ಲಸ್ ಕ್ರಿ.ಪೂ. 72ರಲ್ಲಿ ಹೊತ್ತೊಯ್ದ. ಈಗ ಕಲ್ಲಿನ ಬುಡದ ಮೇಲೆ ಮರದ ಮನೆಗಳು, ಅಂಜೂರದ ಮರಗಳು, ಒಣಹಾಕಿದ ಮೀನು. ಬುರ್ಗಾಸಿನ ಅಂಚಿನ ಅತನಾಸೊವ್‌ಸ್ಕೊ ಸರೋವರದ ಉಪ್ಪಿನ ಪಾತಿಗಳು ಬೇಸಿಗೆಯಲ್ಲಿ ನಸುಗೆಂಪಾಗುತ್ತವೆ. ಯುರೋಪು–ಆಫ್ರಿಕಾ ನಡುವೆ ವಲಸೆ ಹೋಗುವ ಹಕ್ಕಿಗಳ ದಾರಿ ಇಲ್ಲೇ ಹಾಯುವುದರಿಂದ ಶರತ್ಕಾಲದಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳು ಸಾವಿರಗಟ್ಟಲೆ ದಾಟುತ್ತವೆ. ತುರ್ಕಿ ಗಡಿಯ ಸ್ತ್ರಾಂಜಾ ಕಾಡಿನ ಬಲ್ಗಾರಿ ಹಳ್ಳಿಯಲ್ಲಿ ಜೂನ್ 3ರ ರಾತ್ರಿ ‘ನೆಸ್ತಿನಾರಿ’ಗಳು ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನಾರ ಐಕಾನ್ ಹಿಡಿದು, ಡೋಲಿನ ಬಡಿತಕ್ಕೆ ಕೆಂಡದ ಮೇಲೆ ನಡೆಯುತ್ತಾರೆ. ಮೈಸೂರು, ಚಾಮರಾಜನಗರ ಸೀಮೆಯಲ್ಲಿ ಕೊಂಡ ಹಾಯುವುದನ್ನು ಕಂಡವರಿಗೆ ಹರಕೆ, ಪೂಜೆ, ವಾದ್ಯ, ಬರಿಗಾಲಿನ ಆ ಕ್ರಮ ಹೊಸದೆನಿಸದು. ಯುನೆಸ್ಕೊ 2009ರಲ್ಲಿ ಇದನ್ನು ಅಮೂರ್ತ ಪರಂಪರೆಯೆಂದು ಗುರುತಿಸಿತು. ಕಡಲ ಹೋಟೆಲುಗಳಲ್ಲಿ ಊಟದ ನಂತರ ತೋರಿಸುವ ಕೆಂಡದಾಟ ಇದಲ್ಲ.

ಹಳ್ಳಿಗಳು ಬರಿದಾಗಿರುವುದು ಎಲ್ಲಿ ಹೋದರೂ ಕಾಣುತ್ತದೆ. 1980ರ ದಶಕದ ಕೊನೆಗೆ 90 ಲಕ್ಷದ ಹತ್ತಿರವಿದ್ದ ಜನಸಂಖ್ಯೆ 2021ರ ಗಣತಿಯಲ್ಲಿ 65 ಲಕ್ಷ. ಹೆಸರು ಬದಲಿಸಿಕೊಳ್ಳಲೇಬೇಕೆಂದು ಬಲವಂತಕ್ಕೊಳಗಾದ ತುರ್ಕಿ ಮೂಲದವರು 1989ರಲ್ಲಿ 3 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಗಡಿ ದಾಟಿದರು, ಕೆಲವರು ಮರಳಿದರು. ಗಡಿಗಳು ತೆರೆದ ಮೇಲೆ ಯುವಜನ ಜರ್ಮನಿ, ಸ್ಪೇನ್, ಬ್ರಿಟನ್ನಿಗೆ ಹೋದರು. ಎಷ್ಟೋ ಹಳ್ಳಿಗಳಲ್ಲಿ ಉಳಿದವರು ಮುದುಕರೇ. ಮನೆಬಾಗಿಲು, ಬಸ್ ನಿಲ್ದಾಣ, ಮರದ ಕಾಂಡಗಳಿಗೆ ಸತ್ತವರ ಭಾವಚಿತ್ರವಿರುವ ಹಾಳೆಗಳನ್ನು ಅಂಟಿಸುವ ಪದ್ಧತಿ ಇಲ್ಲಿದೆ. ಸತ್ತ ಸುದ್ದಿಗಷ್ಟೇ ಅಲ್ಲ, ನಲವತ್ತನೇ ದಿನಕ್ಕೆ, ವರ್ಷಕ್ಕೆ, ಹತ್ತು ವರ್ಷಕ್ಕೂ ಹೊಸ ಹಾಳೆ. ತೋಟದಲ್ಲಿ ಟೊಮೆಟೊ, ಚಪ್ಪರದ ದ್ರಾಕ್ಷಿ, ಮನೆಯಲ್ಲೇ ಭಟ್ಟಿ ಇಳಿಸಿದ ರಾಕಿಯಾ ಮಾತ್ರ ಇನ್ನೂ ತಪ್ಪಿಲ್ಲ.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ. ಬೆಳಗಿನ ತಿಂಡಿಗೆ ಪದರ ಹಿಟ್ಟಿನೊಳಗೆ ಗಿಣ್ಣು ತುಂಬಿ ಬೇಯಿಸಿದ ಬಾನಿತ್ಸಾ. ಅದಕ್ಕೆ ಮೊಟ್ಟೆ ಸೇರಿಸುತ್ತಾರೆಂಬುದು ನೆನಪಿರಲಿ. ಮಧ್ಯಾಹ್ನಕ್ಕೆ ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ, ಅಕ್ರೋಟು ಕಲಸಿದ ತಣ್ಣನೆಯ ತರಾತೊರ್. ದೇಶದ ಗುರುತಾಗಿರುವ ಶೊಪ್ಸ್ಕಾ ಸಲಾಡ್ ಪುರಾತನವೇನಲ್ಲ. 1950ರ ದಶಕದಲ್ಲಿ ಸರ್ಕಾರಿ ಪ್ರವಾಸ ಸಂಸ್ಥೆ ಬಾಲ್ಕನ್‌ಟೂರಿಸ್ಟ್‌ನ ಅಡುಗೆಮನೆಯಲ್ಲಿ ಹುಟ್ಟಿದ್ದು. ಮೊಸರಿನ ಹೆಮ್ಮೆಗೆ ಮಾತ್ರ ಆಧಾರ ಗಟ್ಟಿ: ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾವನ್ನು 1905ರಲ್ಲಿ ಜಿನೀವಾದಲ್ಲಿ ಗುರುತಿಸಿದವರು ಸ್ತಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯನ್ ವಿದ್ಯಾರ್ಥಿ. ಆ ಬ್ಯಾಕ್ಟೀರಿಯಾದ ಹೆಸರಲ್ಲೇ ದೇಶದ ಹೆಸರಿದೆ.

ಓಡಾಟಕ್ಕೆ ಬಸ್ಸೇ ವೇಗ; ರೈಲು ಅಗ್ಗ, ನಿಧಾನ. ಸೋಫಿಯಾದಿಂದ ವಾರ್ನಾಕ್ಕೆ ರೈಲಿನಲ್ಲಿ ಏಳೆಂಟು ತಾಸು ಬೇಕು. ಬುರ್ಗಾಸಿಗೆ ಹೆದ್ದಾರಿ ಪೂರ್ತಿ ಇದೆ. ಸಣ್ಣ ಊರುಗಳ ಬಸ್ ಫಲಕಗಳು ಸಿರಿಲಿಕ್ ಲಿಪಿಯಲ್ಲೇ ಇರುವುದರಿಂದ ಹೊರಡುವ ಮುನ್ನ ಅಕ್ಷರ ಕಲಿತರೆ ಅರ್ಧ ಕಷ್ಟ ಕಳೆದಂತೆ. ತಲೆಯಾಡಿಸುವ ಕ್ರಮ ತಿರುವುಮುರುವು: ಎಡಬಲಕ್ಕೆ ಆಡಿಸಿದರೆ ಹೌದು, ಮೇಲಕ್ಕೆ ಎತ್ತಿದರೆ ಇಲ್ಲ. ಹೊರಗಿನವರ ಮುಂದೆ ಕೆಲವರು ಅದನ್ನು ಬದಲಿಸಿಕೊಳ್ಳುವುದರಿಂದ ಗೊಂದಲ ಇಮ್ಮಡಿ; ‘ದಾ’ (ಹೌದು) ಎಂದರೋ ‘ನೆ’ (ಇಲ್ಲ) ಎಂದರೋ ಕೇಳಿಸಿಕೊಳ್ಳುವುದೇ ಕ್ಷೇಮ. 2025ರ ಜನವರಿಯಿಂದ ಬಲ್ಗೇರಿಯಾ ಪೂರ್ಣವಾಗಿ ಷೆಂಗೆನ್ ವಲಯದಲ್ಲಿದೆ. ಭಾರತೀಯರಿಗೆ ಷೆಂಗೆನ್ ವೀಸಾ ಸಾಕು. 2026ರ ಜನವರಿ 1ರಿಂದ ಲೆವ್ ಎಂಬ ಹಳೆಯ ನಾಣ್ಯ ಹೋಗಿ ಯೂರೊ ಬಂದಿದೆ. ಗುಲಾಬಿಗೆ ಮೇ ಕೊನೆ, ಕಡಲಿಗೆ ಸೆಪ್ಟೆಂಬರ್, ಹಿಮಕ್ಕೆ ಜನವರಿ–ಫೆಬ್ರವರಿ ಸೂಕ್ತ. ಅಕ್ಟೋಬರ್ ಹೊತ್ತಿಗೆ ತೀರದ ಹೋಟೆಲುಗಳಲ್ಲಿ ಬಹುಪಾಲು ಬಾಗಿಲು ಹಾಕುತ್ತವೆ, ಅಲ್ಲಿಗೆ ಹೋಗುವ ಬಸ್ಸುಗಳೂ ಕಡಿಮೆಯಾಗುತ್ತವೆ.